ಎಂಬತ್ತಮೂರು ಗ್ರಾಂ ತುಕ್ಕು

2013, ಅಕ್ಟೋಬರ್ 6, ಭಾನುವಾರ. ಬೆಳಿಗ್ಗೆ 7 ಗಂಟೆ 40 ನಿಮಿಷಕ್ಕೆ ಇದನ್ನು ಬರೆಯಲು ಕೂತೆ.

ಪ್ರಾಚೀನ ಜಗತ್ತಿನ ಬಗ್ಗೆ ಇಲ್ಲಿಯವರೆಗೆ ನಾನು ಹತ್ತೊಂಬತ್ತು ಉಪನ್ಯಾಸಗಳನ್ನು ಕೇಳಿದ್ದೇನೆ. ಅವುಗಳಲ್ಲಿ ಪೂರ್ತಿ ಅರ್ಥವಾದದ್ದು ಎರಡು, ಅರ್ಧ ಅರ್ಥವಾದದ್ದು ಆರು. ಉಳಿದ ಹನ್ನೊಂದರಲ್ಲಿ ಏನು ಹೇಳಿದರೆಂದು ಯಾರಾದರೂ ಕೇಳಿದರೆ, ಸಭಾಂಗಣದಲ್ಲಿ ಎಷ್ಟು ಫ್ಯಾನುಗಳಿದ್ದವು, ಎಷ್ಟು ತಿರುಗುತ್ತಿದ್ದವು ಎಂಬುದನ್ನು ಮಾತ್ರ ಖಚಿತವಾಗಿ ಹೇಳಬಲ್ಲೆ. ಡೈರಿಯಲ್ಲಿ ಬರೆದಿಟ್ಟಿದ್ದೇನೆ.

ಇಷ್ಟು ಕಡಿಮೆ ಅರ್ಥವಾದರೂ ಯಾಕೆ ಹೋಗುತ್ತೀಯ ಎಂದು ನೀವು ಕೇಳಬಹುದು. ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದೇನೆ. ಲೇಥಿನಿಂದ ಇಳಿದು ಬಂದ ಶಾಫ್ಟುಗಳನ್ನು ಅಳೆದು, ಸರಿಯಿದ್ದರೆ ಹಸಿರು ಚೀಟಿ, ಇಲ್ಲದಿದ್ದರೆ ಕೆಂಪು ಚೀಟಿ ಅಂಟಿಸುವುದು ನನ್ನ ಕೆಲಸ. ಪೀಣ್ಯದ ಗೇಟುಗಳ ಮೇಲೆ ಸಾಮಾನ್ಯವಾಗಿ ಬರೆದಿರುವುದು ‘ಅನುಮತಿಯಿಲ್ಲದೆ ಪ್ರವೇಶವಿಲ್ಲ’ ಎಂದು. ಎರಡು ವರ್ಷದ ಹಿಂದೆ, ಅಂಕಪಟ್ಟಿಯ ನಕಲು ತರಲು ವಿಶ್ವವಿದ್ಯಾಲಯಕ್ಕೆ ಹೋದಾಗ, ಒಂದು ಬಾಗಿಲ ಮೇಲೆ ‘ಸಾರ್ವಜನಿಕ ಉಪನ್ಯಾಸ, ಎಲ್ಲರಿಗೂ ಸ್ವಾಗತ’ ಎಂದು ಬರೆದಿತ್ತು. ಎಲ್ಲರಿಗೂ ಎಂದರೆ ನನಗೂ ಸೇರಿ ಎಂದು ನಂಬಲು ಐದು ನಿಮಿಷ ಬೇಕಾಯಿತು. ಒಳಗೆ ಹೋದೆ. ಒಬ್ಬ ಹಿರಿಯರು ಬ್ಯಾಬಿಲೋನಿನ ಜೇಡಿಮಣ್ಣಿನ ಹಲಗೆಗಳ ಚಿತ್ರ ತೋರಿಸುತ್ತಿದ್ದರು. ಅಲ್ಲಿಯ ಗುಮಾಸ್ತರು ಬಂದ ಕುರಿಯೆಷ್ಟು, ಸತ್ತ ಕುರಿಯೆಷ್ಟು ಎಂದು ದಿನವೂ ಬರೆದಿಡುತ್ತಿದ್ದರಂತೆ. ನನ್ನ ವಂಶದವರು ಸಿಕ್ಕರು ಅನಿಸಿತು. ಅಂದಿನಿಂದ, ಬೆಳಗಿನ ಪಾಳಿ ಎರಡು ಗಂಟೆಗೆ ಮುಗಿದ ಶನಿವಾರಗಳಲ್ಲಿ ನಾಲ್ಕರ ಉಪನ್ಯಾಸಕ್ಕೆ ಹೋಗುವುದು ರೂಢಿಯಾಯಿತು.

ಅಲ್ಲಿ ನನ್ನನ್ನು ಮೊದಲು ದಿಕ್ಕೆಡಿಸಿದ್ದು ಕ್ರಿಸ್ತಪೂರ್ವ. ಇಸವಿಗಳು ಅಲ್ಲಿ ಹಿಂದಕ್ಕೆ ನಡೆಯುತ್ತವೆ. ರಾಜ ದೊಡ್ಡ ಸಂಖ್ಯೆಯಲ್ಲಿ ಹುಟ್ಟಿ ಸಣ್ಣ ಸಂಖ್ಯೆಯಲ್ಲಿ ಸಾಯುತ್ತಾನೆ. ಒಂದು ಉಪನ್ಯಾಸದ ಪೂರ್ತಿ ನಾನು ಅಪ್ಪನನ್ನು ಮಗನೆಂದೂ ಮಗನನ್ನು ಅಪ್ಪನೆಂದೂ ತಿಳಿದು, ಇಷ್ಟು ಚಿಕ್ಕವನಿಗೆ ಎಷ್ಟೊಂದು ಯುದ್ಧ ಎಂದು ಮರುಗಿದ್ದೆ.

ಎರಡನೆಯದು ಟಾಲರೆನ್ಸ್. ನಮ್ಮಲ್ಲಿ ಶಾಫ್ಟಿನ ವ್ಯಾಸಕ್ಕೆ ಹೆಚ್ಚು ಕಡಿಮೆ ಮಿಲಿಮೀಟರಿನ ನೂರರಲ್ಲಿ ಎರಡು ಭಾಗದಷ್ಟು ಮಾತ್ರ ಸಲುಗೆ. ಅದು ಮೀರಿದರೆ ಲಾರಿ ವಾಪಸು ಬರುತ್ತದೆ, ಜೊತೆಗೆ ಒಂದು ಕಾಗದವೂ ಬರುತ್ತದೆ. ಅಲ್ಲಿ ಮಡಕೆಯ ಚೂರೊಂದನ್ನು ತೋರಿಸಿ, ‘ಇನ್ನೂರು ವರ್ಷ ಆಚೆ ಈಚೆ ಇರಬಹುದು’ ಎಂದು ಹೇಳಿ ನೀರು ಕುಡಿಯುತ್ತಾರೆ. ಯಾರೂ ಏಳುವುದಿಲ್ಲ. ಇನ್ನೂರು ವರ್ಷವೆಂದರೆ ಎಷ್ಟು ಅಜ್ಜಿಯಂದಿರು ಎಂದು ಲೆಕ್ಕ ಹಾಕುವಷ್ಟರಲ್ಲಿ ಮುಂದಿನ ಚಿತ್ರ ಬಂದಿರುತ್ತದೆ.

ಮೂರನೆಯದು ಪ್ರಶ್ನೋತ್ತರ. ಪ್ರಶ್ನೆ ಕೇಳಲು ಎದ್ದವರು ಪ್ರಶ್ನೆ ಕೇಳಿದ್ದು ನನ್ನ ಎಣಿಕೆಯಲ್ಲಿ ಮೂರರಲ್ಲಿ ಒಂದು ಸಲ. ಉಳಿದವರು ತಮ್ಮ ಅಭಿಪ್ರಾಯ ಹೇಳಿ, ಕೊನೆಗೆ ‘ಅಲ್ಲವೇ’ ಎಂದು ಸೇರಿಸುತ್ತಾರೆ. ಹತ್ತೊಂಬತ್ತು ಸಭೆಗಳಲ್ಲಿ ನಾನು ಒಮ್ಮೆಯೂ ಕೈ ಎತ್ತಿರಲಿಲ್ಲ. ನನ್ನಲ್ಲಿ ಪ್ರಶ್ನೆ ಇರಲಿಲ್ಲ. ಮೊನ್ನೆ ಸೆಪ್ಟೆಂಬರಿನಲ್ಲಿ ಮೊದಲ ಬಾರಿಗೆ ಒಂದು ಪ್ರಶ್ನೆ ಇತ್ತು. ಆದರೆ ಅದು ನನ್ನದಲ್ಲ, ಮುನಿಯಪ್ಪನವರದು.

ಮುನಿಯಪ್ಪನವರು ಚಿಕ್ಕಬಾಣಾವರದಲ್ಲಿ ನನ್ನ ಮನೆಯ ಮಾಲೀಕರು. ಅವರ ಮನೆಯ ಹಿಂದಿನ ಕೋಣೆಯಲ್ಲಿ ನಾನು ಬಾಡಿಗೆಗಿದ್ದೇನೆ. ಅವರ ತಂದೆಯ ಕಾಲದಲ್ಲಿ ರಾಗಿ ಹೊಲವಿದ್ದ ಜಾಗದಲ್ಲಿ ಈಗ ನಾಲ್ಕು ಬೀದಿಗಳಿವೆ. ಅವರಿಗೆ ಉಳಿದಿರುವುದು ಈ ಮನೆ, ಒಂದು ಶಾಮಿಯಾನದ ಅಂಗಡಿ, ಮತ್ತು ಮನೆಯ ಪಕ್ಕದ ಮೂವತ್ತು ನಲವತ್ತರ ಒಂದು ಸೈಟು. ಆ ಸೈಟಿನಲ್ಲಿ ಮಗಳಿಗೆ ಮನೆ ಕಟ್ಟಿಸಬೇಕೆಂದು ಶ್ರಾವಣದಲ್ಲಿ ಪೂಜೆ ಮಾಡಿಸಿ ಕೆಲಸ ಶುರು ಮಾಡಿಸಿದರು.

ಆಗಸ್ಟ್ 28, ಬುಧವಾರ. ಪಾಯ ಅಗೆಯುತ್ತಿದ್ದವನು ಯಂಕಪ್ಪ. ಕೊಪ್ಪಳದ ಕಡೆಯವನು, ಹೆಂಡತಿಯೊಂದಿಗೆ ರೈಲ್ವೆ ಸ್ಟೇಷನ್ನಿನ ಹತ್ತಿರ ಕೋಣೆ ಮಾಡಿಕೊಂಡಿದ್ದಾನೆ. ವಾಯುವ್ಯ ಮೂಲೆಯಲ್ಲಿ ನಾಲ್ಕಡಿ ಇಳಿದ ಮೇಲೆ ಅವನ ಗುದ್ದಲಿಗೆ ಒಂದು ಚಪ್ಪಡಿ ತಗುಲಿತು. ಚಪ್ಪಡಿಯ ಕೆಳಗೆ ಮಡಕೆ, ಮಡಕೆಯಲ್ಲಿ ಮಣ್ಣು, ಮಣ್ಣಿನಲ್ಲಿ ಮೂಳೆ. ಪಕ್ಕದಲ್ಲಿ ತುಕ್ಕು ಹಿಡಿದ ಒಂದು ಕಬ್ಬಿಣದ ಮುದ್ದೆ. ನಾನು ಪಾಳಿ ಮುಗಿಸಿ ಬರುವಷ್ಟರಲ್ಲಿ ಗುಂಡಿಯ ಸುತ್ತ ಜನ ನಿಂತಿದ್ದರು.

ಯಂಕಪ್ಪ ಒಬ್ಬನೇ ಗಾಬರಿಯಾಗಿರಲಿಲ್ಲ. ‘ಅಕ್ಕಾರ, ಇಂಥಾವು ನಮ್ಮೂರ ಕಡಿ ಗುಡ್ಡದ ಮ್ಯಾಲೆ ಭಾಳ ಅದಾವ್ರಿ’ ಎಂದ. ‘ಮೋರೇರ ಮನಿ ಅಂತೀವ್ರಿ. ಮೂರು ಫೂಟಿನ ಮಂದಿ ಇದ್ರಂತ. ಬೆಂಕಿ ಮಳಿ ಬಿದ್ದು ಎಲ್ಲಾರೂ ಸತ್ತರಂತ.’

ಆರಡಿಯ ಮುನಿಯಪ್ಪನವರು ತಮ್ಮನ್ನು ಮೇಲಿಂದ ಕೆಳಗೆ ನೋಡಿಕೊಂಡು, ‘ಮೂರಡಿ ಜನ ಅಂದ್ರೆ ನಮ್ಮೋರಲ್ಲ ಬಿಡು’ ಎಂದರು.

ಅವರ ಹೆಂಡತಿ ಚಿಕ್ಕತಾಯಮ್ಮನವರಿಗೆ ಅದು ಅಷ್ಟು ಸುಲಭವಾಗಿ ಬಿಡುವ ವಿಷಯವಾಗಿರಲಿಲ್ಲ. ಈ ಮನೆಗೆ ಮದುವೆಯಾಗಿ ಬಂದಾಗ ಹೊಲದ ಆ ಮೂಲೆಯಲ್ಲಿ ಕಲ್ಲುಗಳು ದುಂಡಗೆ ನಿಂತಿದ್ದವಂತೆ. ಮಾಲಯದ ಅಮಾವಾಸ್ಯೆಯ ದಿನ, ಮನೆಯಲ್ಲಿ ಹಿರಿಯರಿಗೆ ಎಡೆ ಇಟ್ಟ ಮೇಲೆ, ಅತ್ತೆ ಒಂದು ಎಲೆಯನ್ನು ಪ್ರತ್ಯೇಕವಾಗಿ ಬಡಿಸಿ ಆ ಕಲ್ಲುಗಳ ಬಳಿ ಇಟ್ಟು ಬರುತ್ತಿದ್ದರಂತೆ. ‘ಕಲ್ಲಿನೋರ ಎಲೆ’ ಎಂದು ಅದಕ್ಕೆ ಹೆಸರು. ಕಲ್ಲಿನೋರು ಯಾರೆಂದು ಸೊಸೆ ಕೇಳಲಿಲ್ಲ, ಅತ್ತೆ ಹೇಳಲಿಲ್ಲ. ಸೈಟುಗಳಾದಾಗ ಟ್ರ್ಯಾಕ್ಟರು ಬಂದು ಕಲ್ಲುಗಳನ್ನು ಎಳೆದು ಹಾಕಿತು. ಎಲೆಯೂ ನಿಂತಿತು. ಈಗ ಕಲ್ಲಿನೋರೇ ಮೇಲೆ ಬಂದಿದ್ದಾರೆ.

‘ಪ್ಲಾನ್ನಾಗೆ ಕಕ್ಕಸು ಅಲ್ಲೇ ಬತ್ತದೆ’ ಎಂದರು ಚಿಕ್ಕತಾಯಮ್ಮ. ‘ಇರೀಕರ ತಲೆ ಮ್ಯಾಲೆ ಕಕ್ಕಸು ಕಟ್ಟಿ, ಅದ್ರಾಗೆ ಮಗಳನ್ನ ಇಡ್ತೀಯಾ?’

‘ಇರೀಕರು ಅಂತ ಯಾರೇ ಏಳ್ದೋರು?’

‘ಅಲ್ಲ ಅಂತ ಯಾರು ಏಳ್ದೋರು?’

ಅಂದು ಸಂಜೆಯೇ ಚಿಕ್ಕತಾಯಮ್ಮನವರು ಅರಿಶಿನ ಕುಂಕುಮ ಹಾಕಿ, ಎಲ್ಲವನ್ನೂ ಮೊದಲಿನ ಹಾಗೆಯೇ ಮುಚ್ಚಿಸಿದರು. ಮತ್ತೆ ಯಾರೂ ತೆಗೆಯಕೂಡದು ಎಂದು ಆಣೆ ಹಾಕಿಸಿದರು. ಯಂಕಪ್ಪ ಗೋಡೆಗೆ ಒರಗಿಸಿ ಇಟ್ಟಿದ್ದ ಕಬ್ಬಿಣದ ಮುದ್ದೆಯೊಂದು ಮಾತ್ರ ಮರೆತು ಹೊರಗೆ ಉಳಿಯಿತು. ಕೆಲಸ ನಿಂತಿತು. ಯಂಕಪ್ಪನನ್ನು ಸದ್ಯಕ್ಕೆ ಶಾಮಿಯಾನದ ಕಂಬ ನೆಡುವುದಕ್ಕೆ ಹಾಕಿದರು.

ಮರುದಿನ ಮುನಿಯಪ್ಪನವರು ನನ್ನ ಬಾಗಿಲಿಗೆ ಬಂದರು. ನಾನು ಶನಿವಾರ ಎಲ್ಲಿಗೆ ಹೋಗುತ್ತೇನೆಂದು ಅವರಿಗೆ ಗೊತ್ತು. ‘ನೋಡು ತಾಯಿ, ನಂಗೆ ಇಸವಿ ಗಿಸವಿ ಬ್ಯಾಡ. ನಿಮ್ಮ ಮೀಟಿಂಗಿನಾಗೆ ದೊಡ್ಡ ದೊಡ್ಡೋರು ಬತ್ತಾರಲ್ಲ, ಒಂದೇ ಮಾತು ಕೇಳ್ಕಂಡ್ ಬಾ. ಅವ್ರು ನಮ್ಮೋರಾ, ಬ್ಯಾರೆಯೋರಾ? ಬ್ಯಾರೆಯೋರಾದ್ರೆ ಒಂದು ಸಾಂತಿ ಮಾಡ್ಸಿ ಮನೆ ಎಬ್ಬಿಸ್ತೀನಿ. ನಮ್ಮೋರಾದ್ರೆ ಕೈ ಮುಗ್ದು ಸುಮ್ಕಾಯ್ತೀನಿ. ಮಗಳಿಗೆ ಏನಾದ್ರೂ ಏಳ್ಬೇಕಲ್ಲ.’ ಹೀಗೆ ಹೇಳಿ ಆ ಕಬ್ಬಿಣವನ್ನು ಹಳೆಯ ಟವೆಲಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು.

ಇನ್ನು ಮುಂದೆ ನಡೆದದ್ದನ್ನು ಬರೆಯಲು ನನಗೆ ನಾಚಿಕೆ. ಆದರೆ ಡೈರಿಯಲ್ಲಿ ಆಗಲೇ ಬರೆದಾಗಿದೆ, ಹರಿಯುವ ಹಾಗಿಲ್ಲ.

ನಮ್ಮ ವಿಭಾಗಕ್ಕೆ ಸೇರಿದ ಮೊದಲ ದಿನವೇ ಕಲಿಸುವ ಪಾಠವೊಂದಿದೆ: ಕೊಳೆಯ ಮೇಲೆ ಅಳೆದರೆ ಕೊಳೆಯನ್ನು ಅಳೆದಂತೆ. ವಸ್ತು ಯಾವುದೇ ಇರಲಿ, ಮೇಜಿಗೆ ಬಂದ ಕೂಡಲೇ ಮೊದಲು ತೂಕ, ಆಮೇಲೆ ಕಣ್ಣಿಗೆ ಕಂಡದ್ದೆಲ್ಲ ಬರೆದುಕೊಳ್ಳುವುದು, ಆಮೇಲೆ ಸೀಮೆಎಣ್ಣೆ, ಆಮೇಲೆ ತಂತಿಯ ಬ್ರಷ್ಷು. ಅಳತೆ ಕೊನೆಗೆ. ಆರು ವರ್ಷ ದಿನಕ್ಕೆ ನೂರಾರು ಸಲ ಮಾಡಿದ ಕೈ ನನ್ನದು. ದೊಡ್ಡವರ ಮುಂದೆ ಕೊಳಕು ವಸ್ತುವನ್ನು ಹಿಡಿದುಕೊಂಡು ಹೋಗುವುದು ನಮ್ಮ ವಿಭಾಗಕ್ಕೇ ಅವಮಾನ ಅನಿಸಿತು. ತೂಗಿದೆ. 214 ಗ್ರಾಂ. ಕಂಡದ್ದನ್ನು ಬರೆದುಕೊಂಡೆ. ಎರಡು ದಿನ ಸೀಮೆಎಣ್ಣೆಯಲ್ಲಿ ನೆನೆಹಾಕಿದೆ. ಸೋಮವಾರ ಪಾಳಿ ಮುಗಿದ ಮೇಲೆ ಬೆಂಚ್ ಗ್ರೈಂಡರಿಗೆ ತಂತಿಯ ಚಕ್ರ ಹಾಕಿ ಹಿಡಿದೆ.

ಸೂಪರ್‌ವೈಸರ್ ಹಿಂದಿನಿಂದ ಬಂದು ನೋಡಿದರು. ‘ಯಾವ ಪಾರ್ಟಿದಮ್ಮ ಇದು? ಇಷ್ಟು ತುಕ್ಕು ಹಿಡ್ಸಿ ಕಳ್ಸೋರು?’

‘ಹಳೇ ಪಾರ್ಟಿ ಸಾರ್’ ಎಂದೆ.

ಇಪ್ಪತ್ತು ನಿಮಿಷದಲ್ಲಿ ಕಂದು ಬಣ್ಣದ ಆ ಮುದ್ದೆಯೊಳಗಿಂದ ಎಲೆಯಾಕಾರದ ಒಂದು ಅಲಗು ಹೊರಬಂತು, ಹಿಂದೆ ಹಿಡಿ ಸಿಕ್ಕಿಸುವ ಬಾಲ. ಹೊಳೆಯುತ್ತಿತ್ತು. ಉದ್ದ 186.4 ಮಿಲಿಮೀಟರು. ತೂಕ 131 ಗ್ರಾಂ. ಎಣ್ಣೆ ಕಾಗದದಲ್ಲಿ ಸುತ್ತಿ ಸ್ಟೀಲಿನ ಡಬ್ಬಿಯಲ್ಲಿಟ್ಟೆ. ಒಳ್ಳೆಯ ಕೆಲಸ ಮಾಡಿದ ದಿನ ರಾತ್ರಿ ಒಳ್ಳೆಯ ನಿದ್ದೆ ಬರುತ್ತದೆ. ಅಂದು ಬಂತು.

ಸೆಪ್ಟೆಂಬರ್ 21ಕ್ಕೆ ಪ್ರಾಚೀನ ಜಗತ್ತಿನ ಬಗ್ಗೆಯೇ ಎರಡು ದಿನದ ಸಮ್ಮೇಳನವಿತ್ತು. ರಜೆ ಹಾಕಿ ಹೋದೆ. ಉಪನ್ಯಾಸಕ್ಕೂ ಸಮ್ಮೇಳನಕ್ಕೂ ಇರುವ ವ್ಯತ್ಯಾಸ ನನಗೆ ಅಂದು ತಿಳಿಯಿತು. ಉಪನ್ಯಾಸದಲ್ಲಿ ಒಬ್ಬರು ಒಂದು ಗಂಟೆ ಮಾತಾಡಿದ್ದು ಅರ್ಥವಾಗುವುದಿಲ್ಲ. ಸಮ್ಮೇಳನದಲ್ಲಿ ನಾಲ್ವರು ಹದಿನೈದು ಹದಿನೈದು ನಿಮಿಷ ಮಾತಾಡಿದ್ದು ಅರ್ಥವಾಗುವುದಿಲ್ಲ, ಮತ್ತು ಊಟ ಕೊಡುತ್ತಾರೆ. ಬಾಗಿಲಲ್ಲಿ ಎದೆಗೆ ಅಂಟಿಸಿಕೊಳ್ಳುವ ಚೀಟಿಯ ಮೇಲೆ ಹೆಸರು, ಸಂಸ್ಥೆ ಬರೆಯಬೇಕಿತ್ತು. ಸಂಸ್ಥೆಯ ಜಾಗದಲ್ಲಿ ‘ಪೀಣ್ಯ ಎರಡನೇ ಹಂತ’ ಎಂದು ಬರೆದೆ. ಊಟದ ಸಾಲಿನಲ್ಲಿ ನನ್ನ ಹಿಂದಿದ್ದ ಒಬ್ಬ ವಿದ್ವಾಂಸರು ಅದನ್ನು ಎರಡು ಸಲ ಓದಿ, ‘ಪೀಣ್ಯದಲ್ಲಿ ಉತ್ಖನನ ಎರಡನೇ ಹಂತಕ್ಕೆ ಬಂತೇ?’ ಎಂದು ವಿನಯದಿಂದ ವಿಚಾರಿಸಿದರು. ನಮ್ಮ ರಸ್ತೆಗಳನ್ನು ನೆನೆದು, ‘ಅಗೀತಾನೇ ಇದ್ದಾರೆ ಸಾರ್’ ಎಂದೆ. ಸುಳ್ಳೇನಲ್ಲ.

ಮಧ್ಯಾಹ್ನದ ಗೋಷ್ಠಿಯಲ್ಲಿ ಕಬ್ಬಿಣ ಯುಗದ ಸಮಾಧಿಗಳ ಬಗ್ಗೆ ಒಬ್ಬ ಪ್ರೊಫೆಸರ್ ಮೇಡಂ ಕನ್ನಡದಲ್ಲಿ ಮಾತಾಡಿದರು. ರೇಷ್ಮೆ ಸೀರೆಯ ಕೆಳಗೆ ಓಡುವವರ ಬೂಟು ಹಾಕಿದ್ದರು. ಬೆಂಗಳೂರಿನ ಸುತ್ತಮುತ್ತ ದುಂಡಗೆ ಕಲ್ಲು ನಿಲ್ಲಿಸಿ, ನಡುವೆ ಸತ್ತವರನ್ನಿಟ್ಟ ಜಾಗಗಳು ಎಷ್ಟೋ ಇದ್ದವೆಂದೂ, ಬಹಳಷ್ಟು ಸೈಟುಗಳ ಕೆಳಗೆ ಹೋದವೆಂದೂ ಹೇಳಿದರು. ಯಶವಂತಪುರದಲ್ಲಿ ಹಿಂದೆ ರೈಲು ದಾರಿಗಾಗಿ ಅಗೆದಾಗ ರೋಮನ್ನರ ಬೆಳ್ಳಿ ನಾಣ್ಯಗಳು ಸಿಕ್ಕಿದ್ದವಂತೆ. ಉಪನ್ಯಾಸಕ್ಕೆ ಹೋಗುವಾಗಲೆಲ್ಲ ನಾನು ದಾಟುವ ಸ್ಟೇಷನ್ನು ಅದು. ಅಲ್ಲಿ ನಾನು ಸೀಟು ಹಿಡಿಯುವುದು ಬಿಟ್ಟು ಬೇರೇನನ್ನೂ ಹುಡುಕಿದ್ದಿಲ್ಲ.

ಪ್ರಶ್ನೆಗಳ ಹೊತ್ತಿಗೆ ಕೈ ಎತ್ತಬೇಕೆಂದುಕೊಂಡೆ. ಅರ್ಧ ಎತ್ತಿದೆ. ಪಕ್ಕದವರು ನಾನು ತಲೆ ಕೆರೆದುಕೊಳ್ಳುತ್ತಿದ್ದೇನೆಂದು ತಿಳಿದಿರಬೇಕು. ಕೊನೆಗೆ ಚಹಾದ ವೇಳೆಯಲ್ಲಿ ಮೇಡಂ ಮೆಟ್ಟಿಲ ಬಳಿ ಒಬ್ಬರೇ ನಿಂತಿದ್ದಾಗ ಹೋಗಿ, ನಡೆದದ್ದನ್ನೆಲ್ಲ ಹೇಳಿ, ಡಬ್ಬಿ ತೆರೆದೆ. ಅವರ ಮುಖ ಅರಳುವುದನ್ನು ನೋಡಲು ಸಿದ್ಧಳಾಗಿದ್ದೆ.

ಅವರ ಕೈಯಲ್ಲಿದ್ದ ಲೋಟ ಬಾಯಿಯ ಹತ್ತಿರ ನಿಂತಿತು.

‘ಇದನ್ನ ಯಾರು ಉಜ್ಜಿದ್ರು?’

‘ನಾನೇ ಮೇಡಂ.’

‘ಇದರ ಮೇಲಿದ್ದಿದ್ದು?’

‘ಎಂಬತ್ತಮೂರು ಗ್ರಾಂ ತುಕ್ಕು ಮೇಡಂ. ತೂಗಿದೀನಿ.’

‘ಅದು ಎಲ್ಲಿದೆ ಈಗ?’

‘ಗುಡಿಸಿಬಿಟ್ರು. ನಮ್ಮಲ್ಲಿ ಪಾಳಿ ಮುಗಿದ ಕೂಡಲೇ ಗುಡಿಸ್ತಾರೆ.’

ಮೇಡಂ ಮೆಟ್ಟಿಲ ಮೇಲೆ ಕೂತುಬಿಟ್ಟರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಿಧಾನವಾಗಿ, ಪಾಠ ಹೇಳುವವರ ಹಾಗೆ ವಿವರಿಸಿದರು. ಇಷ್ಟು ಕಾಲ ಮಣ್ಣಿನಲ್ಲಿದ್ದ ಕಬ್ಬಿಣಕ್ಕೆ ಕತೆ ಇರುವುದೇ ತುಕ್ಕಿನಲ್ಲಿ. ಪಕ್ಕದಲ್ಲಿದ್ದ ಮರ, ಬಟ್ಟೆ, ಕಾಳು, ಎಲ್ಲ ಕೊಳೆತು ಹೋದರೂ ತುಕ್ಕು ಅವುಗಳ ಅಚ್ಚನ್ನು ಹಿಡಿದಿಟ್ಟುಕೊಂಡಿರುತ್ತದೆ. ಒಂದು ಚೂರು ಇದ್ದಿಲು ಅಂಟಿಕೊಂಡಿದ್ದರೂ ಸಾಕು, ಕಾಲ ಹೇಳಬಹುದು. ಈಗ ಈ ಅಲಗು ನೆನ್ನೆ ಕುಲುಮೆಯಿಂದ ಬಂದದ್ದು ಎಂದರೂ ಇಲ್ಲ ಎನ್ನಲು ನಮ್ಮ ಹತ್ತಿರ ಏನೂ ಇಲ್ಲ.

ನನಗೆ ಆದ ಗಲಿಬಿಲಿಯನ್ನು ಹೇಗೆ ಹೇಳಲಿ? ಆರು ವರ್ಷ ನಾನು ಕೊಳೆ ಎಂದು ತೆಗೆದುಹಾಕಿದ್ದನ್ನೇ ಇವರು ವಸ್ತು ಎನ್ನುತ್ತಾರೆ. ನಾನು ವಸ್ತು ಎಂದು ಎಣ್ಣೆ ಕಾಗದದಲ್ಲಿ ಸುತ್ತಿ ತಂದದ್ದು ಇವರಿಗೆ ಬರೀ ಕಬ್ಬಿಣ. ಇಬ್ಬರೂ ಅಳೆಯುವವರೇ. ಮುನಿಯಪ್ಪನವರು ನನ್ನ ಕೈಗೆ ಕೊಟ್ಟದ್ದು ಒಂದೇ ಒಂದು ಸಾಕ್ಷಿ. ಉಳಿದದ್ದು ಆಣೆಯ ಕೆಳಗಿದೆ. ಆ ಒಂದನ್ನು ನಾನು ಹೊಳೆಯಿಸಿ ಹಾಳು ಮಾಡಿದ್ದೆ.

ಡೈರಿ ತೆಗೆದು ಕೊಟ್ಟೆ. ತಪ್ಪು ಮಾಡಿದಾಗ ರಿಜಿಸ್ಟರ್ ಮುಂದಿಡುವುದು ನಮ್ಮಲ್ಲಿ ಅಭ್ಯಾಸ. ಮೇಡಂ ಸುಮ್ಮನೆ ಕಣ್ಣಾಡಿಸುತ್ತಿದ್ದವರು ಒಂದು ಸಾಲಿನ ಬಳಿ ತಡೆದರು. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಗಟ್ಟಿಯಾಗಿ ಓದಿದರು: ‘ಒಂದು ಬದಿಯಲ್ಲಿ ಜಾಲರಿಯಂಥ ಗೆರೆಗಳು. ಅಡ್ಡ, ಉದ್ದ. ಒಂದು ಸೆಂಟಿಮೀಟರಿಗೆ ಹನ್ನೊಂದು. ಕೊಳೆ. ತೆಗೆಯಬೇಕು.’

‘ಹನ್ನೊಂದು ಅಂತ ಎಣಿಸಿದ್ರಾ?’

‘ಎರಡು ಸಲ ಮೇಡಂ.’

‘ಬಟ್ಟೆ ಕಣ್ರೀ ಅದು’ ಎಂದರು. ‘ಯಾರೋ ಅದನ್ನ ಬಟ್ಟೇಲಿ ಸುತ್ತಿ ಇಟ್ಟಿದ್ರು.’

ಅವರು ನನ್ನ ಡೈರಿಯ ಆ ನಾಲ್ಕು ಸಾಲುಗಳನ್ನು ತಮ್ಮ ಪುಸ್ತಕಕ್ಕೆ ಬರೆದುಕೊಂಡರು. ‘ಕೊಳೆ’ ಎಂಬ ಪದವನ್ನೂ ಬಿಡಲಿಲ್ಲ. ಆಗ ಧೈರ್ಯ ಬಂದು ಮುನಿಯಪ್ಪನವರ ಪ್ರಶ್ನೆಯನ್ನು ಕೇಳಿದೆ. ಅವರು ನಮ್ಮವರೇ, ಬೇರೆಯವರೇ?

ಮೇಡಂ ತಮ್ಮ ಪುಸ್ತಕ ಮುಚ್ಚಿದರು. ‘ತುಕ್ಕು ಇದ್ದಿದ್ರೂ ನಾನು ಅದನ್ನ ಹೇಳೋಕೆ ಆಗ್ತಿರ್ಲಿಲ್ಲ’ ಎಂದರು. ‘ಅಷ್ಟು ಹಿಂದಿನೋರನ್ನ ನಮ್ಮೋರು ಅನ್ನೋಕೂ ದಾರಿ ಇಲ್ಲ, ಅಲ್ಲ ಅನ್ನೋಕೂ ದಾರಿ ಇಲ್ಲ. ಏನು ಉಟ್ಟಿದ್ರು, ಏನು ಉಂಡ್ರು ಅನ್ನೋದಷ್ಟೇ ಹೇಳಬಹುದು.’ ಉಳಿದದ್ದನ್ನು ಮುಟ್ಟಬೇಡಿ, ಸಂಬಂಧಪಟ್ಟ ಇಲಾಖೆಗೆ ಒಂದು ಕಾಗದ ಬರೆಯಿರಿ, ಮನೆಯವರು ಒಪ್ಪಿದರೆ ನಾನೂ ಬಂದು ನೋಡುತ್ತೇನೆ ಎಂದರು. ಅಷ್ಟರಲ್ಲಿ ಗಂಟೆ ಬಾರಿಸಿತು. ಅವರು ಒಳಗೆ ಹೋದರು. ನಾನು ಬಸ್ಸು ಹತ್ತಿದೆ.

ಇಲಾಖೆಗೆ ಬರೆದಿದ್ದೇನೆ. ಉತ್ತರ ಬರುವಷ್ಟು ದಿನ ಇನ್ನೂ ಆಗಿಲ್ಲ. ಬರೆಯುವುದು ಸುಲಭ, ಹೇಳುವುದು ಕಷ್ಟ. ಮುನಿಯಪ್ಪನವರು ಕೇಳಿದಾಗಲೆಲ್ಲ ‘ನೋಡ್ತಿದ್ದಾರೆ ಅಂಕಲ್’ ಎನ್ನುತ್ತಾ ಏಳು ಸಲ ತಪ್ಪಿಸಿಕೊಂಡೆ. ಮಗಳು ಫೋನು ಮಾಡಿದಾಗಲೆಲ್ಲ ಅವರು ಮನೆಯಲ್ಲಿದ್ದರೂ ಅಂಗಡಿಯಲ್ಲಿದ್ದಾರೆ ಎಂದು ಹೇಳಿಸುವುದು ನನ್ನ ಕಿವಿಗೆ ಬೀಳುತ್ತಿತ್ತು. ಅವರು ಮಗಳಿಂದ, ನಾನು ಅವರಿಂದ. ಪಿತೃಪಕ್ಷವಾದ್ದರಿಂದ ಕೆಲಸ ನಿಂತಿದೆ ಎಂಬ ನೆಪ ಇಬ್ಬರನ್ನೂ ಕಾಪಾಡುತ್ತಿತ್ತು. ಅಮಾವಾಸ್ಯೆಯ ಹಿಂದಿನ ದಿನ, ಅಕ್ಟೋಬರ್ 3, ಗುರುವಾರ ಸಂಜೆ ಐದೂಕಾಲಿಗೆ, ಇನ್ನು ನೆಪ ಒಂದೇ ದಿನದ್ದು ಎಂದು ಲೆಕ್ಕ ಹಾಕಿ, ಡಬ್ಬಿ ಹಿಡಿದು ಅವರ ಜಗಲಿಗೆ ಹೋದೆ.

ಎಲ್ಲವನ್ನೂ ಹೇಳಿದೆ. ಉಜ್ಜಿದ್ದು, ಗುಡಿಸಿದ್ದು, ಸುಳ್ಳು ಹೇಳಿದ್ದು. ಯಂಕಪ್ಪನೂ ಬಾಗಿಲ ಬಳಿ ನಿಂತು ಕೇಳುತ್ತಿದ್ದ. ಮುನಿಯಪ್ಪನವರು ಅಲಗನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದರು.

‘ಸಕ್ಕತ್ತಾಗಿ ಒಳೀತೈತಲ್ಲಮ್ಮ. ಇದ್ಕೆ ಯಾಕೆ ಇಂಗೆ ಮುಖ ಮಾಡ್ಕಂಡಿದ್ದೀಯಾ?’

‘ಹೊಳೆಯೋದೇ ತಪ್ಪಂತೆ ಅಂಕಲ್.’

‘ಒಳ್ಳೆ ಕತೆ. ಬೆಳ್ಳಗೆ ತೊಳ್ದಿದ್ಕೆ ಬೈದ್ರಾ? ಓಗ್ಲಿ, ಕೇಳಿದ್ದೇನಾಯ್ತು? ನಮ್ಮೋರಲ್ಲ ಅಂದ್ರಾ?’

‘ಅಲ್ಲ ಅನ್ನಲಿಲ್ಲ.’

‘ನಮ್ಮೋರು ಅಂದ್ರಾ?’

‘ಹಂಗೂ ಅನ್ನಲಿಲ್ಲ. ಹೇಳೋಕೆ ದಾರಿ ಇಲ್ವಂತೆ. ಬಟ್ಟೇಲಿ ಸುತ್ತಿ ಇಟ್ಟಿದ್ರು, ಅಷ್ಟೇ ಗೊತ್ತಾಗೋದು ಅಂದ್ರು.’

‘ಎರಡು ದಿನ ಕೂತ್ಕಂಡು ಇಷ್ಟೇನಾ ಮಾತಾಡ್ಕಂಡಿದ್ದು?’ ಎಂದು ಮುನಿಯಪ್ಪನವರು ನಗಲು ಹೊರಟರು. ಆದರೆ ಚಿಕ್ಕತಾಯಮ್ಮನವರು ಕಡ್ಡಿ ಆರಿಸುತ್ತಿದ್ದ ಸೊಪ್ಪನ್ನು ಪಕ್ಕಕ್ಕಿಟ್ಟರು.

‘ಬಟ್ಟೇಲಿ ಸುತ್ತಿದ್ರಂತಾ?’

‘ಹೌದಮ್ಮ.’

‘ಅತ್ತೇನ ಮಣ್ಣು ಮಾಡ್ದಾಗ’ ಎಂದು ಗಂಡನ ಕಡೆ ತಿರುಗಿದರು, ‘ಅಡಕೆ ಕತ್ರಿ ನಾನು ಏನ್ ಮಾಡ್ದೆ?’

ಮುನಿಯಪ್ಪನವರು ಬೆಳಕಿಗೆ ಹಿಡಿದಿದ್ದ ಅಲಗನ್ನು ಕೆಳಗಿಳಿಸಿದರು.

‘ಅವರ ಸೀರೆ ಸೆರಗು ಅರ್ದು, ಅದ್ರಾಗೆ ಸುತ್ತಿ ಪಕ್ಕದಾಗೆ ಇಟ್ಟೆ. ಬರೀ ಕಬ್ಬಿಣ ಇಟ್ರೆ ಮೈಗೆ ಚುಚ್ಚುತ್ತೆ ಅಂತ. ಯಾರೂ ಏಳ್ಕೊಟ್ಟಿರ್ನಿಲ್ಲ ನಂಗೆ.’

ದೂರದಲ್ಲಿ ರೈಲು ಹೋಯಿತು. ಮುನಿಯಪ್ಪನವರು ಅಲಗನ್ನು ಡಬ್ಬಿಗೆ ಹಾಕದೆ ತಮ್ಮ ಹೆಗಲ ಮೇಲಿದ್ದ ಟವೆಲಿನಲ್ಲಿ ಸುತ್ತಿದರು. ಆಮೇಲೆ ಯಂಕಪ್ಪನನ್ನು ಕರೆದು, ಆ ಮೂಲೆಯಿಂದ ಎಷ್ಟು ದೂರ ಬಿಟ್ಟರೆ ಸಾಕು ಎಂದು ಕೇಳಿದರು.

‘ಆರು ಫೂಟು ಬಿಡ್ರಿ ಯಜಮಾನ್ರ. ಮನಿ ಸಣ್ಣದಾಗ್ತದ.’

‘ಆಗ್ಲಿ ಬಿಡೋ. ಕಕ್ಕಸು ರಸ್ತೆ ಕಡೀಕೆ ಆಕು. ಈ ಮೂಲೆ ಅಂಗೇ ಇರ್ಲಿ. ಮಗಳಿಗೆ ನಾನೇ ಏಳ್ತೀನಿ.’ ಹೀಗೆ ಹೇಳಿದವರು ನನ್ನ ಕಡೆ ತಿರುಗಿ, ತಮಗೇ ಹೇಳಿಕೊಳ್ಳುವವರ ಹಾಗೆ, ‘ಅಲ್ಲ ಅನ್ನಕೆ ಯಾರಿಗೂ ಆಗ್ನಿಲ್ಲ ಅಂದ್ಮೇಲೆ ಇನ್ನೇನೈತೆ? ನಮ್ಮೋರು ಅಂತ ಇಟ್ಕಂಡ್ರೆ ಆಯ್ತು’ ಎಂದರು.

ಸಮ್ಮೇಳನದಲ್ಲಿ ಇಂಥ ತೀರ್ಮಾನವನ್ನು ಯಾರೂ ಒಪ್ಪುವುದಿಲ್ಲ. ನನ್ನ ವಿಭಾಗದಲ್ಲೂ ಇದಕ್ಕೆ ಹಸಿರು ಚೀಟಿ ಸಿಗದು. ಸರಿಯೋ ತಪ್ಪೋ ನನಗೆ ಇನ್ನೂ ಗೊತ್ತಾಗಿಲ್ಲ. ಆದರೆ ನಂಟು ಎನ್ನುವುದನ್ನು ಹೀಗೂ ಗೊತ್ತು ಮಾಡಬಹುದೆಂದು ಹತ್ತೊಂಬತ್ತು ಉಪನ್ಯಾಸಗಳಲ್ಲಿ ಯಾರೂ ಹೇಳಿರಲಿಲ್ಲ.

ನನ್ನ ನಿಜವಾದ ಪರೀಕ್ಷೆ ಇದ್ದದ್ದು ಮರುದಿನ. ಪಾಳಿ ಮುಗಿಸಿ ಮೂರು ಗಂಟೆ ಹತ್ತು ನಿಮಿಷಕ್ಕೆ ಬಂದಾಗ ಚಿಕ್ಕತಾಯಮ್ಮನವರು ಅಡುಗೆಮನೆಯ ಬಾಗಿಲಲ್ಲಿ ನನಗಾಗಿ ಕಾಯುತ್ತಿದ್ದರು. ಎಡೆಯ ಎಲೆಯಲ್ಲಿ ಸತ್ತವರು ಇಷ್ಟಪಡುತ್ತಿದ್ದದ್ದನ್ನೇ ಬಡಿಸುವುದು ಪದ್ಧತಿ. ಮಾವನಿಗೆ ಬೋಂಡ, ಅತ್ತೆಗೆ ಒಬ್ಬಟ್ಟು ತಯಾರಾಗಿತ್ತು. ಇಷ್ಟು ವರ್ಷದ ಮೇಲೆ ಕಲ್ಲಿನೋರ ಎಲೆಯೂ ಹಾಕುವುದೆಂದಾಗಿತ್ತು.

‘ಏನ್ ತಿಂತಿದ್ರು ಅವ್ರು? ಅದಾದ್ರೂ ಏಳ್ತಾರಾ ನಿಮ್ಮ ಮೀಟಿಂಗಿನಾಗೆ?’

ಹೇಳುತ್ತಾರೆ. ಹಳೆಯ ಕಾಲದ ಆಹಾರದ ಬಗ್ಗೆ ಒಮ್ಮೆ ಒಬ್ಬರು ಸುಟ್ಟ ಕಾಳುಗಳ ಚಿತ್ರ ತೋರಿಸಿ ಮಾತಾಡಿದ್ದರು. ಡೈರಿ ತೆಗೆದು ಓದಿದೆ. ಹುರುಳಿ ಇತ್ತು. ಹೆಸರುಕಾಳು ಇತ್ತು. ಕೊರಲೆ ಅಕ್ಕಿ ಇತ್ತು. ಕುರಿ, ಮೇಕೆ ಇತ್ತು.

‘ಕುರಿ ಇತ್ತಾ?’ ಎಂದು ಮುನಿಯಪ್ಪನವರು ಹಜಾರದಿಂದಲೇ ಕೇಳಿದರು. ‘ಅಂಗಾದ್ರೆ ಬ್ಯಾರೆ ಸಾಕ್ಷಿ ಬ್ಯಾಡ.’

‘ರಾಗಿ?’

‘ರಾಗಿ ಇತ್ತು ಅಂತ ಕೆಲವರು, ಇನ್ನೂ ಬಂದಿರಲಿಲ್ಲ ಅಂತ ಕೆಲವರು.’

‘ರಾಗಿ ಇಲ್ದೆ ಎಂಗ್ ಬದುಕಿದ್ರು? ಒಂದು ಮುದ್ದೆ ಇರ್ಲಿ’ ಎಂದು ಚಿಕ್ಕತಾಯಮ್ಮನವರು ಇನ್ನೂ ತೀರ್ಮಾನವಾಗದ ಒಂದು ವಾದವನ್ನು ಮುಗಿಸಿದರು.

ಆಮೇಲೆ ಇಲ್ಲದಿದ್ದದ್ದನ್ನು ಓದಬೇಕಾಯಿತು. ಆಲೂಗಡ್ಡೆ ಇರಲಿಲ್ಲ. ಟೊಮೆಟೊ ಇರಲಿಲ್ಲ. ಕಡಲೆಕಾಯಿ ಇರಲಿಲ್ಲ. ಮೆಣಸಿನಕಾಯಿ ಇರಲಿಲ್ಲ, ಅದು ಹಡಗಿನಲ್ಲಿ ಬಂದು ಇನ್ನೂ ಐನೂರು ವರ್ಷವೂ ಸರಿಯಾಗಿ ತುಂಬಿಲ್ಲವಂತೆ.

ಚಿಕ್ಕತಾಯಮ್ಮನವರು ನನ್ನನ್ನು ಬಹಳ ಹೊತ್ತು ನೋಡಿದರು. ಅಲಗು ಹಾಳು ಮಾಡಿದ್ದಕ್ಕೆ ಆಗದ ಅನುಮಾನ ಈಗ ಆ ಕಣ್ಣಲ್ಲಿತ್ತು. ‘ಮೆಣಸಿನಕಾಯಿ ಇಲ್ದೆ ಸಾರಾ?’

ಆದರೂ ಮಾಡಿದರು. ಹುರುಳಿಕಾಳಿನ ಸಾರಿಗೆ ಕರಿಮೆಣಸು ಅರೆದು ಹಾಕಿದರು. ಕೊರಲೆ ಸಿಗಲಿಲ್ಲ, ನವಣೆ ಅಕ್ಕಿ ಬೇಯಿಸಿದರು. ಹೆಸರುಕಾಳು, ಮೇಕೆ ಮಾಂಸ, ಒಂದು ಮುದ್ದೆ. ಸಂಜೆ ಆರಕ್ಕೆ ಸೈಟಿನ ಆ ಮೂಲೆಯಲ್ಲಿ ನೀರು ಚಿಮುಕಿಸಿ ಎಲೆ ಹಾಸಿದರು. ಮುನಿಯಪ್ಪನವರು ಟವೆಲಿನ ಗಂಟನ್ನು ಪಕ್ಕದಲ್ಲಿಟ್ಟು ಕೈ ಮುಗಿದರು. ಯಂಕಪ್ಪ ತಮ್ಮೂರಿನ ಮೂರು ಫೂಟಿನವರನ್ನು ನೆನೆದನೋ ಏನೋ, ಅವನೂ ಮುಗಿದ. ಎಲ್ಲ ಮುಗಿದು ನಾವು ಹಿಂದೆ ಸರಿದ ಮೇಲೆ ಚಿಕ್ಕತಾಯಮ್ಮನವರು ಮಾತ್ರ ಮತ್ತೆ ಎಲೆಯ ಬಳಿ ಹೋಗಿ, ಸೊಂಟದ ಗಂಟಿನಿಂದ ಒಂದು ಹಸಿಮೆಣಸಿನಕಾಯಿ ತೆಗೆದು, ಎಲೆಯ ತುದಿಯಲ್ಲಿ, ಬೇರೆ ಯಾವುದಕ್ಕೂ ತಾಗದ ಹಾಗೆ ಇಟ್ಟರು.

‘ಗೊತ್ತಿರ್ನಿಲ್ಲ ಅಂತೀಯಲ್ಲ’ ಎಂದರು ನನಗೆ. ‘ಬೇಕಾದ್ರೆ ಮುಟ್ಲಿ, ಬ್ಯಾಡದಿದ್ರೆ ಬಿಡ್ಲಿ.’

ಒಂದು ವಿಷಯ ಮಾತ್ರ ಬಗೆಹರಿದಿಲ್ಲ. ಎಲೆಗೆ ಸಿಹಿ ಬಡಿಸದೆ ಕಳಿಸಿದ್ದು ಚಿಕ್ಕತಾಯಮ್ಮನವರ ಮನಸ್ಸಿನಲ್ಲಿ ಕೂತಿದೆ. ಬೆಲ್ಲ ಆಗ ಇತ್ತೇ, ಜೇನುತುಪ್ಪವೇ, ಇಲ್ಲ ಯಾವುದಾದರೂ ಹಣ್ಣೇ ಎಂದು ನಿನ್ನೆಯಿಂದ ಮೂರು ಸಲ ಕೇಳಿದ್ದಾರೆ. ನನ್ನ ಡೈರಿಯಲ್ಲಿ ಇಲ್ಲ. ಮುಂದಿನ ಮಾಲಯದ ಅಮಾವಾಸ್ಯೆಗೆ ಇನ್ನೂ ವರ್ಷವಿದೆ. ಕಬ್ಬಿಣ ಯುಗದಲ್ಲಿ ಈ ಕಡೆಯವರು ಊಟದ ಕೊನೆಗೆ ಏನು ತಿನ್ನುತ್ತಿದ್ದರೆಂದು ಓದುಗರಲ್ಲಿ ಯಾರಿಗಾದರೂ ತಿಳಿದಿದ್ದರೆ, ಹೆಚ್ಚು ಕಡಿಮೆ ಇನ್ನೂರು ವರ್ಷವಾದರೂ ಪರವಾಗಿಲ್ಲ, ದಯವಿಟ್ಟು ಪತ್ರಿಕೆಯ ವಿಳಾಸಕ್ಕೆ ಬರೆದು ತಿಳಿಸಿ.